ಚಾರ್ಮಾಡಿ ಇಳಿಯುವ ದಿನ

ಮಹಾಶಿವರಾತ್ರಿಗೆ ವಾರ, ಹತ್ತು ದಿನ ಇರುವಾಗಲೇ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆಯಿಂದ ಧರ್ಮಸ್ಥಳಕ್ಕೆ ಪಾದಯಾತ್ರೆಯ ತಂಡಗಳು ಹೊರಡುತ್ತವೆ. ಗೊರಗುಂಟೆಪಾಳ್ಯ ದಾಟಿ ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ. ಅಲ್ಲಿಂದ ಸಕಲೇಶಪುರದ ಮೇಲೆ ಶಿರಾಡಿ ಘಾಟಿ ಇಳಿಯುವವರಿದ್ದಾರೆ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ಹಾದು ಚಾರ್ಮಾಡಿ ಇಳಿಯುವವರೂ ಇದ್ದಾರೆ. ಎಲ್ಲ ಸೇರಿ ಹತ್ತಿರ ಹತ್ತಿರ 300 ಕಿ.ಮೀ. ಅಷ್ಟು ದಿನ ರಜೆ ಸಿಗದಿದ್ದರೆ ಚಾರ್ಮಾಡಿ ಇಳಿಯುವ ದಿನಕ್ಕಾದರೂ ತಂಡವನ್ನು ಸೇರಿಕೊಳ್ಳಿ. ಇಡೀ ದಾರಿಯಲ್ಲಿ ಮಲೆನಾಡು ಮುಗಿದು ಕರಾವಳಿ ಶುರುವಾಗುವುದನ್ನು ಕಾಲೇ ತಿಳಿಸುವ ದಿನ ಅದೊಂದೇ.

ಮೊದಲು ತಂಡದ ಹಿರಿಯರ ಜೊತೆ ಮಾತಾಡಿಕೊಳ್ಳಿ. ಅಡುಗೆ ಪಾತ್ರೆ, ಹಾಸಿಗೆ, ಬ್ಯಾಗು ಹೊರುವ ಟೆಂಪೊ ಅವರ ಬಳಿ ಇರುತ್ತದೆ. ಶಾಲೆಯಲ್ಲೋ ಛತ್ರದಲ್ಲೋ ತಂಗುವ ಏರ್ಪಾಡೂ ಅವರದೇ. ತಲೆ ಎಣಿಕೆ ಮುಂಚೆಯೇ ಗೊತ್ತಿದ್ದರೆ ಅವರಿಗೂ ಹಗುರ. ಮೆಜೆಸ್ಟಿಕ್‌ನಿಂದ ಮೂಡಿಗೆರೆಯ ಮೇಲೆ ಹೊರನಾಡಿಗೆ ಹೋಗುವ ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಹೊತ್ತಿಗೆ ಕೊಟ್ಟಿಗೆಹಾರದಲ್ಲಿ ಇಳಿಯಬಹುದು. ಅಲ್ಲಿನ ನೀರುದೋಸೆ ಹೆಸರುವಾಸಿ. ತಿಂದೇ ಹೊರಡಿ, ಘಾಟಿಯಲ್ಲಿ ಊಟದ ಹೋಟೆಲು ಹುಡುಕಬೇಡಿ.

ಕೊಟ್ಟಿಗೆಹಾರದಿಂದ ಕೆಳಗಿನ ಕಕ್ಕಿಂಜೆಯವರೆಗೆ ಸುಮಾರು 25 ಕಿ.ಮೀ. ಒಂದು ದಿನಕ್ಕೆ ಅಷ್ಟು ಸಾಕು. ಅದೇ ದಿನ ಉಜಿರೆ ಮುಟ್ಟುತ್ತೇವೆಂದು ಕತ್ತಲಲ್ಲೇ ಘಾಟಿ ಇಳಿಯುವ ತಂಡಗಳಿರುತ್ತವೆ, ನನಗದು ಒಪ್ಪಿಗೆಯಿಲ್ಲ. ಇದು ರಾಷ್ಟ್ರೀಯ ಹೆದ್ದಾರಿ 73. ತಿರುವುಗಳು ಕಡಿದು, ರಸ್ತೆ ಕಿರಿದು, ಆನೆ ಓಡಾಡುವ ಕಾಡು. ಬೆಳಕಾದ ಮೇಲೆ ಹೊರಟು, ಎದುರಿಗೆ ಬರುವ ವಾಹನ ಕಾಣುವಂತೆ ರಸ್ತೆಯ ಬಲಗಡೆ ಒಬ್ಬರ ಹಿಂದೊಬ್ಬರು ನಡೆಯಿರಿ. ಬೆನ್ನಿಗೆ ಹೊಳೆಯುವ ಪಟ್ಟಿಯ ಜಾಕೆಟ್ ಇರಲಿ, ಮುಂಜಾನೆಯ ಮಂಜಿನಲ್ಲಿ ಅದು ಜೀವ ಕಾಯುತ್ತದೆ.

ಇಳಿಜಾರು ಸುಲಭ ಎಂದುಕೊಂಡವರು ಮಧ್ಯಾಹ್ನದ ಹೊತ್ತಿಗೆ ಮಂಡಿ ಹಿಡಿದು ಕೂರುತ್ತಾರೆ. ಹತ್ತುವಾಗ ಉಸಿರು ದಣಿಯುತ್ತದೆ, ಇಳಿಯುವಾಗ ಮಂಡಿಯೂ ಕಾಲ್ಬೆರಳೂ ನೋಯುತ್ತವೆ. ಎರಡು ದಿನ ಮುಂಚೆ ಕಾಲುಗುರು ಕತ್ತರಿಸಿಕೊಳ್ಳಿ. ಹೊಸ ಶೂ ಬೇಡ, ಪಳಗಿದ್ದೇ ಇರಲಿ. ಪಾದ ಮುಂದಕ್ಕೆ ಜಾರದಂತೆ ದಾರವನ್ನು ಹಿಮ್ಮಡಿಯ ಕಡೆ ಬಿಗಿಯಾಗಿ ಕಟ್ಟಿ. ಬೆರಳ ಸಂದಿಗೆ ವ್ಯಾಸಲೀನ್, ಬದಲಿಸಲು ಒಣ ಕಾಲುಚೀಲ, ಕೈಗೊಂದು ಕೋಲು. ಬೊಬ್ಬೆ ಎದ್ದರೆ ಚರ್ಮ ಕೀಳದೆ ಮೇಲೆ ಪಟ್ಟಿ ಹಾಕಿ. ಬರಿಗಾಲಿನ ಹರಕೆ ಹೊತ್ತವರು ಬಿಸಿಲೇರುವ ಮೊದಲೇ ಹೆಚ್ಚು ದಾರಿ ಸವೆಸಬೇಕು, ಆಮೇಲೆ ಡಾಂಬರು ಸುಡುತ್ತದೆ.

ಮೇಲೆ ತಣ್ಣನೆ ಗಾಳಿ, ಹುಲ್ಲುಗುಡ್ಡ, ಕಣಿವೆಯಲ್ಲಿ ಶೋಲಾ ಕಾಡು. ಮಳೆಗಾಲದಲ್ಲಿ ಈ ಬಂಡೆಗಳ ಮೇಲೆಲ್ಲ ನೀರು ಧುಮುಕುತ್ತದೆ. ಶಿವರಾತ್ರಿಯ ಹೊತ್ತಿಗೆ ಬಹುತೇಕ ಒಣಗಿರುತ್ತದೆ. ಅದಕ್ಕೇ ದಾರಿಯ ಝರಿಗಳನ್ನು ನಂಬದೆ ನೀರು ಹೊತ್ತೇ ನಡೆಯಬೇಕು. ಘಾಟಿಯ ಅಣ್ಣಪ್ಪ ಸ್ವಾಮಿಯ ಗುಡಿಯ ಬಳಿ ನಿಂತು ಕೈಮುಗಿಯದೆ ಯಾವ ತಂಡವೂ ಮುಂದೆ ಹೋಗುವುದಿಲ್ಲ. ಕೆಳಗಿಳಿದಂತೆ ಗಾಳಿ ಭಾರವಾಗುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ, ಅಡಿಕೆ ತೋಟ ಶುರುವಾಗುತ್ತದೆ. ಬೆಂಗಳೂರಿನ ಒಣ ಹವೆಗೆ ಒಗ್ಗಿದ ಮೈಯಿಂದ ಇಲ್ಲಿ ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಬಾಯಾರುವ ಮೊದಲೇ ಉಪ್ಪು ಹಾಕಿದ ಮಜ್ಜಿಗೆಯೋ ಓಆರ್‌ಎಸ್ಸೋ ಕುಡಿಯಿರಿ.

ಒಂದು ಮಾತನ್ನು ಬಲವಾಗಿ ಹೇಳಬೇಕು. ದಾರಿಯುದ್ದಕ್ಕೂ ಭಕ್ತರು ನೀರು, ಹಣ್ಣು, ಬಿಸ್ಕತ್ತು ಹಂಚುತ್ತಾರೆ. ಆ ಸೇವೆ ದೊಡ್ಡದು. ಆದರೆ ಖಾಲಿ ಬಾಟಲಿ, ಪೇಪರ್ ಲೋಟ ಕಣಿವೆಗೆ ಬೀಳುವುದನ್ನು ನೋಡಿದರೆ ಸಂಕಟವಾಗುತ್ತದೆ. ಈ ಬೆಟ್ಟದ ನೀರೇ ಮೃತ್ಯುಂಜಯ ಹೊಳೆಯಾಗಿ ನೇತ್ರಾವತಿಯನ್ನು ಸೇರುತ್ತದೆ. ನಾವು ಮುಳುಗೇಳುವ ತೀರ್ಥಕ್ಕೆ ನಾವೇ ಕಸ ಹಾಕಿದಂತೆ. 2019ರ ಆಗಸ್ಟ್‌ನಲ್ಲಿ ಈ ಘಾಟಿ ಕುಸಿದು ರಸ್ತೆಯೇ ಮುಚ್ಚಿಹೋಗಿತ್ತು, ಅಷ್ಟು ಸೂಕ್ಷ್ಮ ನೆಲ. ಒಂದು ಸ್ಟೀಲ್ ಲೋಟ, ಒಂದು ಬಟ್ಟೆ ಚೀಲ ಇಟ್ಟುಕೊಳ್ಳಿ. ಹುಲ್ಲು ಒಣಗಿ ಕಾಳ್ಗಿಚ್ಚು ಹಬ್ಬುವ ಕಾಲ, ಬೀಡಿ ಬೇಡ, ಘಾಟಿಯಲ್ಲಿ ಒಲೆ ಹೂಡುವುದೂ ಬೇಡ. ಕೋತಿಗಳಿಗೆ ಏನೂ ಕೊಡಬೇಡಿ.

ಮರುದಿನದ ನಡಿಗೆ ಮುಂಡಾಜೆ, ಉಜಿರೆಯ ಮೇಲೆ. ಕಾಲಿಗೆ ಪೆಟ್ಟಾಗಿದ್ದರೆ ಉಜಿರೆಯಲ್ಲಿ ಎಸ್‌ಡಿಎಂ ಆಸ್ಪತ್ರೆ ಇದೆ. ಧರ್ಮಸ್ಥಳಕ್ಕೆ ಎರಡು ಮೂರು ಕಿ.ಮೀ. ಇರುವಾಗ ನೇತ್ರಾವತಿಯ ಸ್ನಾನಘಟ್ಟ ಸಿಗುತ್ತದೆ. ದೇವಸ್ಥಾನದೊಳಗೆ ಗಂಡಸರು ಅಂಗಿ ತೆಗೆಯಬೇಕು, ಹೆಗಲಿಗೊಂದು ಶಲ್ಯ ಇರಲಿ. ಊಟಕ್ಕೆ ಅನ್ನಪೂರ್ಣ ಛತ್ರವಿದೆ. ಶಿವರಾತ್ರಿಗೆ ವಸತಿಗೃಹದ ಕೋಣೆ ಸಿಗುವುದು ಕಷ್ಟ; ರಾತ್ರಿಯಿಡೀ ಜಾಗರಣೆಯ ಭಜನೆ ಇರುವುದರಿಂದ ಹೆಚ್ಚಿನವರಿಗೆ ಅದು ಬೇಕಾಗುವುದೂ ಇಲ್ಲ. ವಾಪಸು ಬಸ್ಸಿನ ಸೀಟನ್ನು ಮಾತ್ರ ಬೆಂಗಳೂರು ಬಿಡುವ ಮೊದಲೇ ಕಾಯ್ದಿರಿಸಿ. ಹಬ್ಬದ ಮರುದಿನ ಧರ್ಮಸ್ಥಳದ ನಿಲ್ದಾಣದಲ್ಲಿ, ನಡೆದು ದಣಿದ ಕಾಲಿನಲ್ಲಿ, ಸೀಟಿಗಾಗಿ ಮುಗಿಬೀಳುವುದು ಬೇಡ.