ತಿರುಗಾಟದ ನಡುವಿನ ತಿಂಗಳಿಗೂ ಒಂದು ಬಜೆಟ್

ಪ್ರವಾಸದ ಖರ್ಚು ಎಂದರೆ ಟಿಕೆಟ್, ವೀಸಾ, ಹೋಟೆಲು ಎಂದು ಬರೆದಿಟ್ಟುಕೊಳ್ಳುವವರೇ ಹೆಚ್ಚು. ವಾಪಸು ಬಂದ ಮೇಲಿನ ತಿಂಗಳುಗಳನ್ನು ಆ ಲೆಕ್ಕಕ್ಕೆ ಸೇರಿಸುವವರು ಕಡಿಮೆ. ಕೆಲಸದ ಮೇಲೆ ಆಗಾಗ ಥಾಯ್ಲೆಂಡಿಗೆ ಹೋಗಿ ಬರುವ ನಾನು ಕಂಡುಕೊಂಡಂತೆ, ಹಣ ಸೋರುವುದು ಅಲ್ಲಿಗಿಂತ ಇಲ್ಲಿ, ಮೈಸೂರಿನ ಮನೆಗೆ ಬಂದು ಕೂತ ಮೇಲೆ. ಅಲ್ಲಿದ್ದಾಗ ಪ್ರತಿ ಬಾತ್‌ಗೂ ಮನಸ್ಸು ರೂಪಾಯಿಯ ಗುಣಾಕಾರ ಮಾಡುತ್ತಿರುತ್ತದೆ. ಇಲ್ಲಿಗೆ ಬಂದೊಡನೆ ಆ ಎಚ್ಚರ ಸಡಿಲವಾಗುತ್ತದೆ. ದಣಿವಿಗೆ ಹೊರಗಿನ ಊಟ, ಬೇಸರಕ್ಕೆ ಶಾಪಿಂಗ್, ಆ ಊರಿನ ನೆನಪು ಕಾಡಿದರೆ ಮುಂದಿನ ಟಿಕೆಟ್.

ನನ್ನಂಥ ಸ್ವತಂತ್ರ ಕೆಲಸದವರಿಗೆ ಇನ್ನೊಂದು ತೊಡಕಿದೆ. ಕೆಲಸ ಮುಗಿದರೂ ಬಿಲ್ಲಿನ ಹಣ ಕೈಸೇರಲು ತಿಂಗಳೊಪ್ಪತ್ತು, ಕೆಲವೊಮ್ಮೆ ಎರಡು ತಿಂಗಳೂ ಬೇಕು. ಹಾಗಾಗಿ ಹೊರಡುವ ಮುಂಚೆಯೇ ಎರಡು ತಿಂಗಳ ಮನೆ ಖರ್ಚನ್ನು ಬೇರೊಂದು ಖಾತೆಯಲ್ಲಿ ಎತ್ತಿಡುತ್ತೇನೆ. ಬಾಡಿಗೆ, ಇಂಟರ್‌ನೆಟ್, ವಿಮೆಯ ಕಂತು, ದಿನಸಿ ಎಲ್ಲವೂ ಅದರಲ್ಲೇ. ಮನೆಗೆಲಸಕ್ಕೆ ಬರುವ ಅಕ್ಕನಿಗೆ ನಾನಿಲ್ಲದ ತಿಂಗಳಿಗೂ ಪೂರ್ತಿ ಸಂಬಳ ಕೊಡುತ್ತೇನೆ. ಮನೆ ಬೀಗ ಹಾಕಿದ್ದೇವೆಂದು ಅವರ ಸಂಬಳ ಹಿಡಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರ ಮನೆಯ ಬಾಡಿಗೆ, ಮಕ್ಕಳ ಫೀಸು ನಾವು ಹಿಂತಿರುಗುವವರೆಗೆ ಕಾಯುವುದಿಲ್ಲವಲ್ಲ.

ಬಂದ ವಾರದಲ್ಲೇ ಪರ್ಸಿನ ವಿದೇಶಿ ನೋಟುಗಳನ್ನೂ ಎಣಿಸಬೇಕು. ಥಾಯ್ಲೆಂಡಿನ ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲ 200 ಬಾತ್‌ಗೂ ಮೇಲೆ ಶುಲ್ಕ ಕೀಳುತ್ತವೆ. ಅದನ್ನು ಉಳಿಸಲು ಒಂದೇ ಸಲ ಹೆಚ್ಚು ತೆಗೆಯುತ್ತೇವೆ, ಕೊನೆಗೆ ಕೈಯಲ್ಲಿ ನೋಟು ಉಳಿಯುತ್ತದೆ. ಇಲ್ಲಿನ ನಿವಾಸಿಗಳು 2,000 ಡಾಲರ್ ಮೌಲ್ಯದವರೆಗಿನ ವಿದೇಶಿ ನೋಟುಗಳನ್ನು ಮುಂದಿನ ಬಳಕೆಗೆಂದು ಇಟ್ಟುಕೊಳ್ಳಬಹುದು. ಅದಕ್ಕೆ ಮೇಲಿನದನ್ನು ಬಂದ 180 ದಿನಗಳೊಳಗೆ ಬ್ಯಾಂಕಿಗೋ ಅಧಿಕೃತ ವಿನಿಮಯ ಕೇಂದ್ರಕ್ಕೋ ಒಪ್ಪಿಸಬೇಕು. ಅಲ್ಲಿಗೆ ಹೊರಟ ಗೆಳೆಯರಿಗೆ ನೋಟು ಕೊಟ್ಟು ರೂಪಾಯಿ ಪಡೆಯುವ ರೂಢಿ ನಮ್ಮಲ್ಲಿದೆ, ಆದರೆ ವಿದೇಶಿ ವಿನಿಮಯದ ಕಾನೂನು ಅದನ್ನು ಒಪ್ಪುವುದಿಲ್ಲ. ಪುಟ್ಟ ಮೊತ್ತವಾದರೆ ಬದಲಾಯಿಸದೆ ಇಡುವುದೇ ಲೇಸು. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಇರುವ ಅಂತರ ಒಂದು ಕಡೆ. 25,000 ರೂಪಾಯಿವರೆಗಿನ ವಿನಿಮಯಕ್ಕೆ ಮೊತ್ತ ಎಷ್ಟೇ ಚಿಕ್ಕದಿರಲಿ 45 ರೂಪಾಯಿ ಜಿಎಸ್‌ಟಿ ಇನ್ನೊಂದು ಕಡೆ. ಕಾರ್ಡ್ ಸ್ಟೇಟ್‌ಮೆಂಟನ್ನೂ ಸಾಲುಸಾಲಾಗಿ ಓದಿ. 3.5% ಮಾರ್ಕಪ್ ಇರುವ ಕಾರ್ಡಿನಲ್ಲಿ 10,000 ರೂಪಾಯಿಯ ಖರೀದಿಗೆ 350 ರೂಪಾಯಿ, ಅದರ ಮೇಲಿನ ತೆರಿಗೆ 63, ಒಟ್ಟು 413 ರೂಪಾಯಿ ಹೆಚ್ಚುವರಿ ಹೋಗಿರುತ್ತದೆ. ಇನ್ನೊಂದು ಪ್ರಯಾಣವಿದ್ದರೆ ಕಾರ್ಡ್ ಬದಲಾಯಿಸಲು ಈ ನಡುವಿನ ದಿನಗಳೇ ಸರಿಯಾದ ಸಮಯ.

ಇಷ್ಟೆಲ್ಲ ಮಾಡಿದರೂ ನಾಲಿಗೆಯ ಹಂಬಲ ಮಾತ್ರ ಬಜೆಟ್ಟಿನ ಮಾತು ಕೇಳುವುದಿಲ್ಲ. ಥಾಯ್ಲೆಂಡಿನಲ್ಲಿ ನನಗೆ ಅತಿ ಪ್ರಿಯವಾದದ್ದು ಸೋಮ್ ತಮ್, ಎಳೆ ಪರಂಗಿಕಾಯಿಯ ಖಾರದ ಕೋಸಂಬರಿ. ಈಶಾನ್ಯದ ಈಸಾನ್ ಸೀಮೆಯವರೂ ಗಡಿಯಾಚೆಯ ಲಾವೋಸಿನವರೂ ದಿನನಿತ್ಯ ಉಣ್ಣುವ ತಿನಿಸು ಅದು. ಬ್ಯಾಂಕಾಕಿನ ರಸ್ತೆಬದಿಯಲ್ಲಿ ಒಂದು ತಟ್ಟೆಗೆ 50 ಬಾತ್ ಆಸುಪಾಸು, ನಮ್ಮ ಲೆಕ್ಕದಲ್ಲಿ 150 ರೂಪಾಯಿಯೊಳಗೆ. ಅದೇ ತಟ್ಟೆ ಬೆಂಗಳೂರಿನ ಥಾಯ್ ಹೋಟೆಲಿನಲ್ಲಿ ಅದರ ಎರಡು ಮೂರು ಪಟ್ಟು ಆಗುತ್ತದೆ, ಮೈಸೂರಿನಿಂದ ಹೋಗಿಬರುವ ಖರ್ಚು ಬೇರೆ.

ಮನೆಯಲ್ಲೇ ಮಾಡಿದರೆ? ಬೇಕಾದದ್ದೆಲ್ಲ ನಮ್ಮಲ್ಲೇ ಬೆಳೆಯುತ್ತದೆ. ಪರಂಗಿಯೂ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಹೊರಟು ಏಷ್ಯಾದ ಹಿತ್ತಲುಗಳಲ್ಲಿ ಬೇರೂರಿದವು. ನಾವೂ ಥಾಯ್ ಜನರೂ ಅವನ್ನು ಬೇರೆ ಬೇರೆ ಬಗೆಯಲ್ಲಿ ಅಡುಗೆಗೆ ಒಗ್ಗಿಸಿಕೊಂಡೆವು. ಪಕ್ಕದ ಮನೆಯವರ ಮರದ ಕಾಯಿ, ಸೂಜಿ ಮೆಣಸಿನಕಾಯಿ, ಬೆಳ್ಳುಳ್ಳಿ, ಅಲಸಂದೆ ಕಾಯಿ, ಟೊಮೆಟೊ, ಹುರಿದ ಕಡಲೆಕಾಯಿ ಬೀಜ, ನಿಂಬೆಹಣ್ಣು. ಥಾಯ್ ಜನರು ಬಳಸುವ ತಾಳೆಬೆಲ್ಲದ ಜಾಗಕ್ಕೆ ನನ್ನ ತವರು ಪುತ್ತೂರಿನ ಕಡೆಯ ಓಲೆಬೆಲ್ಲವಿದೆ. ದುಡ್ಡು ಕೊಟ್ಟು ತರಲೇಬೇಕಾದದ್ದು ಮೀನಿನ ಸಾಸ್ ಒಂದೇ, ಒಂದು ಬಾಟಲಿ ತಿಂಗಳುಗಟ್ಟಲೆ ಬರುತ್ತದೆ. ಸಸ್ಯಾಹಾರಿಗಳು ಉಪ್ಪು, ಹುಣಸೆ ರಸ ಹಾಕಿದರೂ ರುಚಿ ನಿಲ್ಲುತ್ತದೆ.

ಸಿಪ್ಪೆ ತೆಗೆದ ಕಾಯಿಯ ಸೊನೆಯನ್ನು ತೊಳೆದು, ಅಂಗೈಯಲ್ಲಿ ಹಿಡಿದು ಚಾಕುವಿನಿಂದ ಉದ್ದುದ್ದ ಕಚ್ಚು ಹಾಕಿ, ಮೇಲಿಂದ ತೆಳ್ಳಗೆ ಹೆರೆಯುತ್ತೇನೆ. ತುರಿಮಣೆಯಲ್ಲಿ ತುರಿದರೆ ನೀರು ಬಿಟ್ಟುಕೊಂಡು ಗರಿಗರಿ ಹೋಗುತ್ತದೆ. ಬೆಳ್ಳುಳ್ಳಿ, ಮೆಣಸಿನಕಾಯಿಯನ್ನು ಕುಟ್ಟಾಣಿಯಲ್ಲಿ ಮೊದಲು ಜಜ್ಜಬೇಕು, ಆಮೇಲೆ ಬೆಲ್ಲ, ಅಲಸಂದೆ, ಟೊಮೆಟೊ. ಪರಂಗಿ ಕೊನೆಗೆ, ಅದಕ್ಕೆ ಹಗುರವಾದ ಪೆಟ್ಟು ಸಾಕು. ಒಂದು ಕೈಯಲ್ಲಿ ಕುಟ್ಟುತ್ತ, ಇನ್ನೊಂದು ಕೈಯ ಚಮಚದಿಂದ ಮಗುಚುತ್ತ ಇರಬೇಕು. ಅಲ್ಲಿನ ಅಂಗಡಿಯಾಕೆ ಮೆಣಸಿನಕಾಯಿ ಎಷ್ಟು ಎಂದು ಕೇಳಿಯೇ ಕುಟ್ಟಲು ಶುರುಮಾಡುವುದು. ಇಲ್ಲಿ ನಾನೂ ಪ್ರತಿಯೊಬ್ಬರನ್ನು ಕೇಳಿ, ಒಂದೊಂದು ತಟ್ಟೆಯನ್ನು ಬೇರೆಯಾಗಿಯೇ ಮಾಡುತ್ತೇನೆ. ಈಸಾನಿನವರು ಇದನ್ನು ಅಂಟು ಅಕ್ಕಿಯ ಅನ್ನದೊಂದಿಗೆ ತಿನ್ನುತ್ತಾರೆ. ನನಗೆ ಬಿಸಿ ಕುಚ್ಚಲಕ್ಕಿ ಗಂಜಿ ಇನ್ನೂ ಹೆಚ್ಚು ಹಿಡಿಸುತ್ತದೆ, ಅಮ್ಮನಿಗೂ ಅಷ್ಟೇ.

ನಾಲ್ಕು ಜನರಿಗೆ 100 ರೂಪಾಯಿ ದಾಟುವುದಿಲ್ಲ. ಅದಕ್ಕಿಂತ ನನಗೆ ಮುಖ್ಯವಾದದ್ದು, ಹಂಬಲ ತಣಿಯುವುದು. ಆ ಊರನ್ನು ನೆನೆದು ಚಡಪಡಿಸುವಾಗ ಕೊಂಡ ಟಿಕೆಟ್ ಎಂದಿಗೂ ಅಗ್ಗವಾಗಿರುವುದಿಲ್ಲ, ದಿನಾಂಕವೂ ಕೆಲಸಕ್ಕೆ ಹೊಂದುವುದಿಲ್ಲ. ಹಳೆಯ ಬಿಲ್ಲುಗಳ ಹಣವೆಲ್ಲ ಬಂದು, ಮತ್ತೆರಡು ತಿಂಗಳ ಮನೆ ಖರ್ಚು ಆ ಬೇರೆ ಖಾತೆಗೆ ಸೇರಿದ ಮೇಲಷ್ಟೇ ನಾನು ಟಿಕೆಟ್ ನೋಡುವುದು. ಈ ಸಲ ಒಂದು ಬಿಲ್ಲು ಇನ್ನೂ ಬಾಕಿ ಇದೆ.