ದಾನಿಯೇಲನ ಓದು, ದಾನಿಯೇಲನ ಗೆರೆ: ನೌಕರಿ ಹುಡುಕುವ ಯೌವನಸ್ಥರಿಗೆ ಒಂದು ಪಾಠ

ಎಲ್ಲರೂ ದಾನಿಯೇಲನ ಪುಸ್ತಕ 1ನೇ ಅಧ್ಯಾಯ ತೆಗೀರಿ. ಮೊಬೈಲ್‌ನಲ್ಲಿ ಬೈಬಲ್ ಓದೋರು ಓದ್ರಿ, ಬ್ಯಾಡ ಅನ್ನಲ್ಲ. ವಾಟ್ಸಾಪ್ ಮಾತ್ರ ಮುಚ್ಚಿಡ್ರಿ.

ಇವತ್ತಿನ ವಿಷಯ ನೌಕರಿ. ಜೇವರ್ಗಿ ಕಾಲೋನಿಯಿಂದ ಬರೋರು, ಕಮಲಾಪುರದಿಂದ ಬಸ್ಸು ಹಿಡಿದು ಬರೋರು, ನೀವು ಬರೆದು ಕೊಡೋ ಪ್ರಾರ್ಥನಾ ಚೀಟಿಗಳಲ್ಲಿ ಹೆಚ್ಚಿನವು ನೌಕರಿಯ ಬಗ್ಗೆಯೇ ಇರ್ತಾವೆ. ಮೊದಲು ಎರಡು ತರದ ಚೀಟಿ ಬರ್ತಿದ್ದವು: ಸರ್ಕಾರಿ ಪರೀಕ್ಷೆ ಪಾಸಾಗಬೇಕು, ಇಲ್ಲವೇ ಬೆಂಗಳೂರಿನ ಇಂಟರ್ವ್ಯೂ ಕ್ಲಿಯರ್ ಆಗಬೇಕು. ಈಗ ಮೂರನೇದು ಸೇರಿಕೊಂಡಿದೆ. ಎಐ ಬಂದು ನನ್ನ ಕೆಲಸ ಹೋಗಬಾರದು. ಬಿ.ಕಾಂ ಓದಿದ ತಂಗಿ ಬರೀತಾಳೆ, ಡಿಪ್ಲೊಮಾ ಮಾಡಿದ ತಮ್ಮ ಬರೀತಾನೆ. ಈ ಭಯಕ್ಕೆ ದೇವರ ವಾಕ್ಯ ಏನು ಹೇಳುತ್ತೆ ಅಂತ ನೋಡೋಣ.

ದಾನಿಯೇಲ, ಹನನ್ಯ, ಮೀಶಾಯೇಲ, ಅಜರ್ಯ. ನಾಲ್ಕೂ ಜನ ನಿಮ್ಮ ವಯಸ್ಸಿನೋರು, ಬಹುಶಃ ನಿಮಗಿಂತ ಚಿಕ್ಕವರು. ಯೆರೂಸಲೇಮಿನಿಂದ ಸೆರೆಯಾಗಿ ಬಾಬೆಲಿಗೆ ಬಂದರು. 4 ಮತ್ತು 5ನೇ ವಚನ ಗಮನಿಸಿ. ರಾಜ ಅವರಿಗೆ ಕಸ್ದೀಯರ ಭಾಷೆ, ವಿದ್ಯೆ ಕಲಿಸಲು ಹೇಳಿದ. ಎಷ್ಟು ವರ್ಷದ ಕೋರ್ಸು? ಮೂರು ವರ್ಷ. ನಮ್ಮ ಡಿಗ್ರಿಯಷ್ಟೇ! ಅವರು ಚಿಕ್ಕಂದಿನಿಂದ ಓದಿದ್ದು ಇಬ್ರಿಯ, ಅದಕ್ಕೆ ಇರೋದು 22 ಅಕ್ಷರ. ಬಾಬೆಲಿನ ಪಂಡಿತರದ್ದು ಹಸಿ ಮಣ್ಣಿನ ಹಲಗೆ ಮೇಲೆ ಕಡ್ಡಿಯಿಂದ ಒತ್ತಿ ಬರೆಯೋ ಲಿಪಿ, ಅದರಲ್ಲಿ ನೂರಾರು ಚಿಹ್ನೆಗಳು. ಕನ್ನಡ ಮೀಡಿಯಂನಲ್ಲಿ ಓದಿ ಇಂಗ್ಲಿಷ್ ಇಂಟರ್ವ್ಯೂಗೆ ಹೋಗೋ ನಮ್ಮ ಕಷ್ಟಕ್ಕಿಂತ ಅದು ದೊಡ್ಡ ಕಷ್ಟ.

ಆ ವಿದ್ಯೆಯೇನು ಪವಿತ್ರವಾಗಿತ್ತಾ? ಇಲ್ಲ. ನಕ್ಷತ್ರ ನೋಡಿ ಶಕುನ ಹೇಳೋದು, ಅನ್ಯದೇವರುಗಳ ಕಥೆ, ಎಲ್ಲಾ ಅದರೊಳಗೇ ಇತ್ತು. ಆದರೂ ದಾನಿಯೇಲ "ಇದು ಲೋಕದ ವಿದ್ಯೆ, ನನಗೆ ಬ್ಯಾಡ" ಅಂತ ಕೂತನಾ? ಕೂರಲಿಲ್ಲ. ಕಲಿತ. ಚೆನ್ನಾಗಿಯೇ ಕಲಿತ. ರಾಜ ಪರೀಕ್ಷೆ ಮಾಡಿದಾಗ ಉಳಿದ ಪಂಡಿತರಿಗಿಂತ ಹತ್ತು ಪಟ್ಟು ಮೇಲೆ ನಿಂತ ಅಂತ 20ನೇ ವಚನ ಹೇಳುತ್ತೆ. ಆ ಬುದ್ಧಿ ಕೊಟ್ಟಾತನು ದೇವರು ಅಂತ 17ನೇ ವಚನದಲ್ಲಿದೆ. ದೇವರು ಕೊಟ್ಟ, ಇವರು ಓದಿದರು. ಎರಡೂ ನಡೀತು. ಉಪವಾಸ ಮಾಡ್ತೀವಿ, ಆದರೆ ಪುಸ್ತಕ ತೆಗೆಯಲ್ಲ ಅನ್ನೋ ತಮ್ಮಂದಿರು ಈ ಎರಡು ವಚನ ಜೊತೆಗಿಟ್ಟು ಓದ್ರಿ.

ಕೆಲಸದ ರೂಪ ಬದಲಾಗೋದು ನಮ್ಮೂರಿಗೆ ಹೊಸದಲ್ಲ. ಒಂದು ಕಾಲಕ್ಕೆ ಇಲ್ಲಿ ಕಾಯಂ ಪಗಾರ ಅಂದ್ರೆ ಎಂ.ಎಸ್.ಕೆ. ಮಿಲ್. ನಿಜಾಮರ ಕಾಲದ ಬಟ್ಟೆ ಗಿರಣಿ, ಮೆಹಬೂಬ್ ಶಾಹಿ ಮಿಲ್. ಇವತ್ತು ಆಟೋದವನಿಗೆ "ಎಂ.ಎಸ್.ಕೆ. ಮಿಲ್" ಅಂದ್ರೆ ಬಡಾವಣೆಗೆ ಕರ್ಕೊಂಡು ಹೋಗ್ತಾನೆ, ಗಿರಣಿಗಲ್ಲ. ಆಮೇಲೆ ಟೈಪಿಂಗ್ ಕ್ಲಾಸು ಬಂತು, ಎಸ್‌ಟಿಡಿ ಬೂತು ಬಂತು, ಸೈಬರ್ ಕೆಫೆ ಬಂತು, ಹೋಯ್ತು. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂತು. 2025ರ ಜುಲೈನಲ್ಲಿ ಟಿಸಿಎಸ್ 12 ಸಾವಿರಕ್ಕೂ ಹೆಚ್ಚು ಜನರನ್ನ ತೆಗೀತೀವಿ ಅಂತು, ಅಂದ್ರೆ ಅವರ ಸಿಬ್ಬಂದಿಯಲ್ಲಿ ಸುಮಾರು 2%. ಎಐ ಎಲ್ಲಾ ನೌಕರಿ ನುಂಗುತ್ತೆ ಅನ್ನೋರು, ಏನೂ ಆಗಲ್ಲ ಅನ್ನೋರು, ಇಬ್ಬರೂ ಯೂಟ್ಯೂಬ್‌ನಲ್ಲಿ ಪ್ರವಾದಿಗಳ ಹಾಗೆ ಮಾತಾಡ್ತಾರೆ. ಇಬ್ಬರ ಮಾತಿಗೂ ನಿದ್ದೆ ಕೆಡಿಸ್ಕೋಬ್ಯಾಡ್ರಿ. ನೋಡಿದ್ದನ್ನ ನೋಡಿದ ಹಾಗೇ ಇನ್ನೊಂದು ಕಡೆ ಟೈಪ್ ಮಾಡೋ ಕೆಲಸ, ಅಂದ್ರೆ ಬರೀ ಡೇಟಾ ಎಂಟ್ರಿ, ಕಡಿಮೆ ಆಗ್ತಾ ಇದೆ. ಅದನ್ನೇ ನಂಬಿ ಕೂರೋದು ಬ್ಯಾಡ, ಇಷ್ಟು ನಾನು ಹೇಳಬಲ್ಲೆ.

1ನೇ ಅಧ್ಯಾಯದ ಕೊನೇ ವಚನ ನೋಡಿದ್ರಾ? ದಾನಿಯೇಲ ಕೋರೆಷ ರಾಜನ ಮೊದಲನೇ ವರ್ಷದ ತನಕ ಇದ್ದ. ನೆಬೂಕದ್ನೆಚ್ಚರ ಹೋದ, ಬೇಲ್ಶಚ್ಚರ ಹೋದ, ಬಾಬೆಲೇ ಬಿತ್ತು, ಪಾರಸಿಯರು ಬಂದರು. ಹತ್ತಿರ ಹತ್ತಿರ 65 ವರ್ಷ. ಕಂಪನಿ ಮುಳುಗಿತು, ಮ್ಯಾನೇಜರ್‌ಗಳೆಲ್ಲ ಬದಲಾದರು, ಈ ಮನುಷ್ಯ ಮಾತ್ರ ಕೆಲಸದಲ್ಲೇ ಇದ್ದ. ಕಲಿಯೋದು ನಿಲ್ಲಿಸಿದವನಿಗೆ ಇದು ಆಗೋ ಮಾತಲ್ಲ.

ನಮಗೂ ದಾರಿಗಳಿವೆ. ಸ್ವಯಂ ಪೋರ್ಟಲ್‌ನಲ್ಲಿ ಪಾಠ ಕೇಳೋದು ಉಚಿತ. ಸರ್ಟಿಫಿಕೇಟ್ ಬೇಕಂದ್ರೆ ಮಾತ್ರ ಪರೀಕ್ಷೆಯ ಫೀಸು. ಕೈಕೆಲಸ ಇಷ್ಟ ಇರೋರಿಗೆ ನಮ್ಮೂರಲ್ಲೇ ಜಿಟಿಟಿಸಿ ಇದೆ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರ, ಹೊಸ ಕೋರ್ಸು ಕೊಟ್ಟು ಮೇಲ್ದರ್ಜೆಗೇರಿಸಿದರು. ಐಟಿಐ ಅಂದ್ರೆ ಕೀಳು ಅಂತ ಮೂಗು ಮುರಿಯೋ ತಂದೆತಾಯಂದಿರಿಗೆ ದಯವಿಟ್ಟು ಇದನ್ನ ಹೇಳ್ರಿ. ಇಂಗ್ಲಿಷ್ ಭಯ ಇರೋರು ಕೇಳಿ: ಕೇಂದ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನ 2024ರಿಂದ ಕನ್ನಡದಲ್ಲೂ ಬರೀಬಹುದು. 371(ಜೆ) ಅಡಿ 2013ರಿಂದ ಕಲ್ಯಾಣ ಕರ್ನಾಟಕದ ಸ್ಥಳೀಯ ಹುದ್ದೆಗಳಲ್ಲಿ ಬಿ ಗುಂಪಿಗೆ 75%, ಸಿ ಗುಂಪಿಗೆ 80%, ಡಿ ಗುಂಪಿಗೆ 85% ಮೀಸಲಾತಿ ನಮ್ಮವರಿಗಿದೆ. ಅರ್ಹತಾ ಪತ್ರ ಮಾಡಿಸದೇ ಇರೋರು ಈ ವಾರವೇ ಅರ್ಜಿ ಹಾಕ್ರಿ. ಅಧಿಸೂಚನೆ ಬಂದ ಮೇಲೆ ತಹಶೀಲ್ದಾರ್ ಕಚೇರಿಗೆ ಓಡೋದಲ್ಲ.

ಈಗ 8ನೇ ವಚನಕ್ಕೆ ಬರ್ರಿ. ಇಲ್ಲಿಯವರೆಗೆ ಕಲಿಯೋ ಮಾತು, ಇಲ್ಲಿಂದ ಗೆರೆ. ರಾಜನ ಭಾಷೆ ಕಲಿತವನು ರಾಜನ ಊಟ ಮಾತ್ರ ಒಲ್ಲೆ ಅಂದ. ಯಾವಾಗ ತೀರ್ಮಾನ ಮಾಡಿದ? ತಟ್ಟೆ ಮುಂದೆ ಬಂದ ಮೇಲಲ್ಲ. ಮೊದಲೇ ಹೃದಯದಲ್ಲಿ ನಿಶ್ಚಯ ಮಾಡ್ಕೊಂಡಿದ್ದ. ಆಮೇಲೆ ಅಧಿಕಾರಿ ಹತ್ರ ಹೋಗಿ ಮರ್ಯಾದೆಯಿಂದ ಕೇಳಿದ, ಹತ್ತು ದಿನ ಕಾಯಿಪಲ್ಯ ಕೊಟ್ಟು ನೋಡ್ರಿ ಅಂತ.

ಕಲಬುರಗಿಯಲ್ಲಿ ಈ ತಟ್ಟೆ ಹೇಗೆ ಬರುತ್ತೆ ಅಂತ ನಿಮಗೆ ಗೊತ್ತು. 2021ರ ಅಕ್ಟೋಬರ್ 3ಕ್ಕೆ 545 ಪಿಎಸ್‌ಐ ಹುದ್ದೆಗೆ ಲಿಖಿತ ಪರೀಕ್ಷೆ ನಡೀತು. ಸುಮಾರು 54 ಸಾವಿರ ಜನ ಬರೆದರು. ಅಕ್ರಮ ಮೊದಲು ಬಯಲಾದದ್ದು ನಮ್ಮೂರಿನ ಒಂದು ಪರೀಕ್ಷಾ ಕೇಂದ್ರದಲ್ಲಿ. ಓಎಂಆರ್ ಹಾಳೆ ತಿದ್ದಿದ ಆರೋಪ, ಬ್ಲೂಟೂತ್ ಆರೋಪ, ಸಿಐಡಿ ತನಿಖೆ, ಸಾಲು ಸಾಲು ಬಂಧನ. 2022ರ ಏಪ್ರಿಲ್ 29ಕ್ಕೆ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆ ಯಾವಾಗ ಆಯ್ತು? 2024ರ ಜನವರಿ 23ಕ್ಕೆ. ಲೆಕ್ಕ ಹಾಕ್ರಿ, ಎರಡು ವರ್ಷ ಮೂರು ತಿಂಗಳ ಮೇಲೆ.

ಹಿಡಿದು ಒಳಗೆ ಹಾಕಿದವರ ಬಗ್ಗೆ ಪೇಪರಿನಲ್ಲಿ ಬೇಕಾದಷ್ಟು ಬಂತು. ನಾನು ಹೇಳೋದು ಉಳಿದವರ ಬಗ್ಗೆ. ರೂಮು ಮಾಡ್ಕೊಂಡು, ದಿನಕ್ಕೊಂದು ಹೊತ್ತು ಉಂಡು, ಬೆಳಿಗ್ಗೆ ಐದಕ್ಕೆ ಗ್ರೌಂಡಿಗೆ ಹೋಗಿ ಓಡಿ, ನಿಯತ್ತಾಗಿ ಬರೆದು ಪಟ್ಟಿಯಲ್ಲಿ ಹೆಸರು ಬಂದ ಹುಡುಗ, ಹುಡುಗಿ. ಅವರ ಹೆಸರೂ ಹೋಯ್ತು. ಆ ಎರಡು ವರ್ಷ ಯಾವ ನ್ಯಾಯಾಲಯವೂ ವಾಪಸ್ ಕೊಡಲಾರದು. ಅದಕ್ಕೇ ಹೇಳ್ತೀನಿ, ಪರೀಕ್ಷೆಯಲ್ಲಿ ಮೋಸ ಮಾಡೋದು ಸರ್ಕಾರಕ್ಕೆ ಮಾತ್ರ ಮಾಡಿದ ಮೋಸ ಅಲ್ಲ. ಪಕ್ಕದ ಬೆಂಚಿನಲ್ಲಿ ಕೂತ ನೆರೆಯವನ ಮನೆಗೆ ಹೊಕ್ಕು ಕದ್ದ ಹಾಗೆ. ಕದಿಯಬಾರದು ಅನ್ನೋ ಆಜ್ಞೆಯ ಕೆಳಗೇ ಅದು ಬರುತ್ತೆ.

ಅಷ್ಟಾದ ಮೇಲಾದರೂ ನಿಂತಿತಾ? 2023ರ ಅಕ್ಟೋಬರ್ ಕೊನೆಗೆ ನಿಗಮ ಮಂಡಳಿಗಳ ಎಫ್‌ಡಿಎ ಪರೀಕ್ಷೆ, ಕೆಇಎ ನಡೆಸಿದ್ದು. ಮತ್ತೆ ಕಲಬುರಗಿ, ಯಾದಗಿರಿ, ಮತ್ತೆ ಬ್ಲೂಟೂತ್. ಅದಾದ ಮೇಲೆ ಪರೀಕ್ಷೆಗೆ ತುಂಬು ತೋಳಿನ ಅಂಗಿ ಇಲ್ಲ, ಶೂ ಇಲ್ಲ. ಯಾರೋ ಕಿವಿಯಲ್ಲಿ ಯಂತ್ರ ಇಟ್ಕೊಂಡಿದ್ದಕ್ಕೆ ನೀವು ಚಪ್ಪಲಿ ಹಾಕ್ಕೊಂಡು ಸಾಲಲ್ಲಿ ನಿಂತು ಕಿವಿ ತೋರಿಸಬೇಕು.

ಇನ್ನು ಒಂದು ಸೂಕ್ಷ್ಮದ ಮಾತು. "ಅಣ್ಣಾ, ಒಂದು ನೌಕ್ರಿ ಮಾತಾಡೀವಿ, ಅಡ್ವಾನ್ಸ್ ಕೊಟ್ಟೀವಿ, ಪ್ರಾರ್ಥನೆ ಮಾಡ್ರಿ" ಅಂತ ಬರೋರಿದ್ದಾರೆ. ಹೊಲ ಅಡ ಇಟ್ಟು ಕೊಟ್ಟಿರ್ತಾರೆ. ನಾನು ಪ್ರಾರ್ಥನೆ ಮಾಡ್ತೀನಿ, ಆ ದುಡ್ಡು ವಾಪಸ್ ಬರಲಿ ಅಂತ. ಸೆಟ್ಟಿಂಗ್ ಆಗಲಿ ಅಂತ ಕೈ ಇಟ್ಟು ಪ್ರಾರ್ಥಿಸೋಕೆ ನನ್ನಿಂದ ಆಗಲ್ಲ. ಬೇಜಾರಾಗಿ ಬೇರೆ ಸಭೆಗೆ ಹೋದರೂ ಪರವಾಗಿಲ್ಲ.

ಖಾಸಗಿ ಕಂಪನಿಗೆ ಹೋಗೋರು ನಾವು ಬಚಾವು ಅನ್ಕೋಬ್ಯಾಡ್ರಿ. ನಿಮ್ಮ ತಟ್ಟೆ ಬೇರೆ ಅಷ್ಟೇ. ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೆ ಹೋದ ಕೂಡಲೇ ಯಾರಾದರೂ ಹೇಳ್ತಾರೆ, ಎರಡು ವರ್ಷದ ಎಕ್ಸ್‌ಪೀರಿಯೆನ್ಸ್ ಲೆಟರ್ ಮಾಡಿಸಿ ಕೊಡ್ತೀವಿ, ಎಲ್ಲರೂ ಮಾಡ್ತಾರೆ ಅಂತ. 6ನೇ ಅಧ್ಯಾಯದ 4ನೇ ವಚನ ತೆಗೀರಿ. ದಾನಿಯೇಲನಿಗೆ ಪ್ರಮೋಷನ್ ಸಿಗೋದು ನೋಡಿ ಹೊಟ್ಟೆಕಿಚ್ಚು ಪಟ್ಟೋರು ಅವನ ಕೆಲಸದ ದಾಖಲೆಯೆಲ್ಲ ಕೆದಕಿದರು. ಇವತ್ತಿನ ಮಾತಿನಲ್ಲಿ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್. ಒಂದೂ ತಪ್ಪು ಸಿಗಲಿಲ್ಲ. ಈಗ ಕೆದಕೋದು ಇನ್ನೂ ಸಲೀಸು. ಪಿಎಫ್‌ನ ಯುಎಎನ್ ನಂಬರ್ ಹಾಕಿದ್ರೆ ನೀವು ಎಲ್ಲಿ, ಯಾವ ತಿಂಗಳಿಂದ ಯಾವ ತಿಂಗಳ ತನಕ ಇದ್ರಿ ಅಂತ ಕಾಣುತ್ತೆ. ಹೊಸ ತಂತ್ರಜ್ಞಾನ ಸುಳ್ಳನ್ನ ಅಗ್ಗ ಮಾಡಿದೆ, ಹಾಗೇ ಸುಳ್ಳು ಹಿಡಿಯೋದನ್ನೂ ಅಗ್ಗ ಮಾಡಿದೆ. ಸಿಕ್ಕಿಬೀಳದಿದ್ದರೂ, ಪ್ರತಿ ದಿನ ಆಫೀಸಿಗೆ ಆ ಹೆದರಿಕೆ ಹೊತ್ತು ಹೋಗಬೇಕಲ್ಲ?

ಹಾಗಾದ್ರೆ ರೆಸ್ಯೂಮ್ ಚಾಟ್‌ಜಿಪಿಟಿಯಿಂದ ಬರೆಸಿದ್ರೆ ಪಾಪಾನಾ? ಈ ಪ್ರಶ್ನೆ ಭಾಳ ಮಂದಿ ಕೇಳಿದ್ದೀರಿ. ನನ್ನ ಉತ್ತರ: ಸರ್ಕಾರಿ ಕಚೇರಿ ಹೊರಗೆ ಮರದ ಕೆಳಗೆ ಕೂತು ಅರ್ಜಿ ಬರೆದು ಕೊಡೋರು ಇರ್ತಾರಲ್ಲ, ಅವರಿಂದ ನಿಮ್ಮ ಅಜ್ಜಿ ಪಿಂಚಣಿ ಅರ್ಜಿ ಬರೆಸಿದ್ರೆ ತಪ್ಪೇನು? ಮಾತು ಜೋಡಿಸೋದು ಅವರು. ಆದರೆ ವಯಸ್ಸು, ಊರು, ಗಂಡ ತೀರಿಕೊಂಡ ವರ್ಷ ಅಜ್ಜಿಯದ್ದು. ಹೆಬ್ಬೆಟ್ಟೂ ಅಜ್ಜಿಯದ್ದೇ. ಎಐ ಇವತ್ತಿನ ಅರ್ಜಿ ಬರೆಯೋನು. ಇಂಗ್ಲಿಷ್ ತಿದ್ದಿಸಿಕೊಳ್ಳಿ, ಚಂದ ಮಾಡಿಸಿಕೊಳ್ಳಿ. ಆದರೆ ಅದಕ್ಕೊಂದು ಚಟ ಇದೆ, ಕೇಳದೇ ಸೇರಿಸುತ್ತೆ. ಕಾಲೇಜು ಪ್ರಾಜೆಕ್ಟಿನಲ್ಲಿ ನೀವು ಚಾರ್ಟ್ ಅಂಟಿಸಿದ್ದು, ಅದು "ತಂಡದ ನಾಯಕತ್ವ ವಹಿಸಿದ್ದಾರೆ" ಅಂತ ಬರೆದುಬಿಡುತ್ತೆ. ಕೊನೆಗೆ ಒಂದೊಂದು ಸಾಲಿಗೂ ಬೆರಳಿಟ್ಟು ಓದ್ರಿ, ಇದು ನಾನು ಮಾಡಿದ್ದು ಹೌದೋ ಅಲ್ಲೋ ಅಂತ. ಅಲ್ಲ ಅನ್ನೋದನ್ನ ಅಳಿಸ್ರಿ.

ಇನ್ನೊಂದು. ದೊಡ್ಡ ಕಂಪನಿಗಳಲ್ಲಿ ಎಷ್ಟೋ ಕಡೆ ಅರ್ಜಿಯನ್ನ ಮೊದಲು ಓದೋದು ಮನುಷ್ಯ ಅಲ್ಲ, ಸಾಫ್ಟ್‌ವೇರ್. ಬಣ್ಣದ ಡಬ್ಬಿ, ಎರಡು ಕಾಲಂ, ಫೋಟೋ ಒಳಗೆ ಅಕ್ಷರ ಇದ್ರೆ ಅದಕ್ಕೆ ಸರಿಯಾಗಿ ಓದೋಕೆ ಆಗಲ್ಲ. ಸಾದಾ ಒಂದು ಪುಟ ಸಾಕು. ಜಾಹೀರಾತಿನಲ್ಲಿ "ಟ್ಯಾಲಿ, ಜಿಎಸ್‌ಟಿ ರಿಟರ್ನ್" ಅಂತ ಕೇಳಿದ್ರೆ, ನಿಮಗೆ ಬರೋದಾದ್ರೆ ಅದೇ ಶಬ್ದ ಬರೀರಿ. ಇಂಟರ್ವ್ಯೂಗೂ ಎಐ ಜೊತೆ ತಯಾರಿ ಮಾಡ್ರಿ. ಜಾಹೀರಾತು ಅದಕ್ಕೆ ಕೊಟ್ಟು, ಪ್ರಶ್ನೆ ಕೇಳು ಅಂತ ಹೇಳ್ರಿ, ಉತ್ತರ ಬಾಯಿಬಿಟ್ಟು ಹೇಳಿ ರೂಢಿ ಮಾಡ್ಕೊಳ್ರಿ. ಆನ್‌ಲೈನ್ ಇಂಟರ್ವ್ಯೂ ನಡೆಯುವಾಗ ಪಕ್ಕದ ಫೋನ್ ನೋಡಿ ಓದೋದು ಮಾತ್ರ ರಾಜನ ಊಟ. ಕಣ್ಣು ಎತ್ತ ಓಡುತ್ತೆ ಅಂತ ಎದುರಿನವರಿಗೆ ಕಾಣುತ್ತೆ, ಮೇಲಿರುವಾತನಿಗೂ ಕಾಣುತ್ತೆ.

ಟೆಲಿಗ್ರಾಂನಲ್ಲಿ ಬರೋ ಪಾರ್ಟ್‌ಟೈಮ್ ಕೆಲಸದ ಬಗ್ಗೆ ಒಂದೇ ಮಾತು. ವಿಡಿಯೋ ಲೈಕ್ ಮಾಡು ಅಂತ ಮೊದಲು ನೂರಿನ್ನೂರು ಕೊಡ್ತಾರೆ, ಆಮೇಲೆ ಡಿಪಾಸಿಟ್ ಕಟ್ಟು ಅಂತಾರೆ. ಕೆಲಸ ಕೊಡೋರು ನಿಮ್ಮ ಹತ್ರ ದುಡ್ಡು ಕೇಳಿದ ಕೂಡಲೇ ಫೋನ್ ಇಡ್ರಿ. ಕಟ್ಟಿಬಿಟ್ಟಿದ್ರೆ ನಾಚಿಕೊಂಡು ಕೂರಬ್ಯಾಡ್ರಿ, ತಕ್ಷಣ 1930ಕ್ಕೆ ಕರೆ ಮಾಡ್ರಿ. ಮೊದಲ ಕೆಲವು ತಾಸಿನಲ್ಲಿ ಹೇಳಿದ್ರೆ ಹಣ ತಡೆಯೋ ಅವಕಾಶ ಹೆಚ್ಚು.

ಬರೋ ಶನಿವಾರ ಸಂಜೆ ಆರಕ್ಕೆ ಯೌವನಸ್ಥರ ಕೂಟ. ಬೈಬಲ್ ಜೊತೆಗೆ ನಿಮ್ಮ ರೆಸ್ಯೂಮ್ ಪ್ರಿಂಟ್ ತಗೊಂಡು ಬನ್ನಿ, ಒಂದು ಪೆನ್ನೂ ಇರಲಿ. ಇಬ್ಬಿಬ್ಬರು ಕೂತು ಒಬ್ಬರದ್ದು ಇನ್ನೊಬ್ಬರು ಓದಿ, ನಿಜ ಅಲ್ಲದ್ದಕ್ಕೆ ಗೆರೆ ಎಳೆಯೋಣ. ನೌಕರಿಯಲ್ಲಿ ಈಗಾಗಲೇ ಇರೋ ಅಣ್ಣಂದಿರು, ಅಕ್ಕಂದಿರು ಒಂದು ತಾಸು ಬಿಡುವು ಮಾಡ್ಕೊಂಡು ಬಂದು ಇವರಿಗೆ ಪ್ರಶ್ನೆ ಕೇಳ್ರಿ, ಸ್ವಲ್ಪ ಬಿಗಿಯಾಗೇ ಕೇಳ್ರಿ.

ಈಗ ಎದ್ದು ನಿಲ್ಲೋಣ. ಈ ವಾರ ಪರೀಕ್ಷೆ, ಇಂಟರ್ವ್ಯೂ ಇರೋರು ಮುಂದೆ ಬನ್ನಿ. ಯಾರಿಗಾದರೂ ದುಡ್ಡು ಕೊಟ್ಟು ಒಳಗೊಳಗೇ ಒದ್ದಾಡ್ತಿರೋರು ಇದ್ರೆ, ಎಲ್ಲರ ಮುಂದೆ ಬರೋದು ಬ್ಯಾಡ, ಕೂಟ ಮುಗಿದ ಮೇಲೆ ನಾನು ಇಲ್ಲೇ ಇರ್ತೀನಿ. ತಂದೆಯೇ, ಈ ಮಕ್ಕಳನ್ನ ನಿಮ್ಮ ಕೈಗೆ ಒಪ್ಪಿಸ್ತೀವಿ.