ಅನೇಕ ಭಾಷೆಗಳನ್ನು ಬಲ್ಲ ಯೌವನಸ್ಥರೂ ಪರದೇಶದ ಪರೋಪಕಾರದ ಕೆಲಸವೂ

ಪದವೀಧರನಾದ ಯೌವನಸ್ಥನೊಬ್ಬನು ತನ್ನ ತಾಯಿಯ ಸಂಗಡ ನಮ್ಮ ಬಳಿಗೆ ಬಂದನು. ಅವನು ಮನೆಯಲ್ಲಿ ತುಳುವನ್ನೂ ಶಾಲೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಕೊಂಕಣಿಯನ್ನೂ ಕಲಿತು, ಕಾಲೇಜಿನಲ್ಲಿ ಇಂಗ್ಲಿಷ್ ಹಿಂದಿಗಳಲ್ಲದೆ ಫ್ರೆಂಚ್ ಭಾಷೆಯನ್ನೂ ಅಭ್ಯಾಸಮಾಡಿದವನು. “ಉಪದೇಶಿಯವರೇ, ಯುದ್ಧ ಭೂಕಂಪಗಳಿಂದ ನೊಂದವರಿಗೆ ಸಹಾಯಮಾಡುವ ಸಂಘವನ್ನು ಸೇರಿ ಪರದೇಶಕ್ಕೆ ಹೋಗಬೇಕೆಂದಿದ್ದೇನೆ” ಅಂದನು. ತಾಯಿಯಾದರೋ ಕಣ್ಣೊರಸಿಕೊಂಡು, “ಗದ್ದೆಯನ್ನು ಅಡವಿಟ್ಟು ಓದಿಸಿದ್ದಾಯಿತು, ಈಗ ಜಿನೀವದಲ್ಲಿ ಓದುವದಕ್ಕೆ ಮನೆಯನ್ನೂ ಅಡವಿಡಬೇಕನ್ನುತ್ತಾನೆ. ನೀವೇ ಬುದ್ಧಿ ಹೇಳಿರಿ” ಅಂದಳು. ಇಂಥ ಪ್ರಶ್ನೆಯು ಬೇರೆ ಮನೆಗಳಲ್ಲಿಯೂ ಏಳುವದರಿಂದ ನಾವು ಅವರಿಗೆ ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇವೆ.

ಮೊದಲನೆಯದು: ಈ ಕೆಲಸದ ಮೂಲವನ್ನು ತಿಳಿಯಬೇಕು.

1859ನೆಯ ಇಸವಿ ಜೂನ್ 24ರಲ್ಲಿ ಇಟಲಿಯ ಸೊಲ್ಫೆರಿನೊ ಎಂಬಲ್ಲಿ ಘೋರ ಯುದ್ಧವಾಯಿತು. ಹೆನ್ರಿ ಡ್ಯುನಾಂಟ್ ಎಂಬ ಜಿನೀವದ ವರ್ತಕನು ಸ್ವಂತ ವ್ಯಾಪಾರದ ನಿಮಿತ್ತ ಆ ಸೀಮೆಗೆ ಬಂದಿದ್ದನು. ಅವನು ವೈದ್ಯನಲ್ಲ, ಸಿಪಾಯಿಯೂ ಅಲ್ಲ. ಆದರೂ ಸಮೀಪದ ಊರಿನಲ್ಲಿ ಗಾಯಗೊಂಡು ಬಿದ್ದಿದ್ದವರಿಗೆ ನೀರು ಕೊಟ್ಟನು, ಗಾಯಗಳನ್ನು ತೊಳೆದನು, ಸಾಯುವವರು ಮನೆಯವರಿಗೆ ಹೇಳಿದ ಮಾತುಗಳನ್ನು ಬರೆದುಕೊಂಡನು. ಊರಿನ ಸ್ತ್ರೀಯರೂ ಶತ್ರು ಮಿತ್ರರೆಂಬ ಭೇದವಿಲ್ಲದೆ ಎಲ್ಲರಿಗೂ ಆರೈಕೆಮಾಡಿದರು. ಇದರಿಂದಲೇ 1863ರಲ್ಲಿ ರೆಡ್ ಕ್ರಾಸ್ ಸಂಘವು ಹುಟ್ಟಿತು. ಆದರೆ ಅವನ ವ್ಯಾಪಾರವು ಕೆಟ್ಟು, 1867ರಲ್ಲಿ ದಿವಾಳಿಯಾಗಿ, ಬಹು ವರುಷ ಬಡತನದಲ್ಲಿ ಕಳೆದನು. 1901ರಲ್ಲಿ ಮಾತ್ರ ಅವನಿಗೆ ನೊಬೆಲ್ ಶಾಂತಿ ಪಾರಿತೋಷಕವು ದೊರೆಯಿತು. ಹೆಸರಿಗಾಗಿಯೂ ಸಂಬಳಕ್ಕಾಗಿಯೂ ಈ ದಾರಿ ಹಿಡಿಯುವವನು ಇದನ್ನು ನೆನಪಿಡಲಿ.

ಎರಡನೆಯದು: ನೊಂದವನು ಆಡುವ ಭಾಷೆ ಯಾವದೆಂದು ಕೇಳಬೇಕು.

2010ನೆಯ ಇಸವಿ ಜನವರಿ 12ರಲ್ಲಿ ಹೈತಿ ದೇಶದಲ್ಲಿ ಭೂಕಂಪವಾಯಿತು. ಅಲ್ಲಿ ಫ್ರೆಂಚ್ ರಾಜಭಾಷೆಗಳಲ್ಲಿ ಒಂದು; ಆದರೆ ಜನರೆಲ್ಲರೂ ಆಡುವದು ಹೈತಿಯ ಕ್ರಿಯೋಲ್ ಭಾಷೆ. ಕಷ್ಟದಲ್ಲಿದ್ದವರು ಮೊಬೈಲಿನಿಂದ ಕಳುಹಿಸಿದ ಸಂದೇಶಗಳನ್ನು ಓದಲು ಹೊರಗಿನಿಂದ ಬಂದ ಅನೇಕರಿಗೆ ಆಗಲಿಲ್ಲ. ಆಗ ಪರದೇಶಗಳಲ್ಲಿ ನೆಲಸಿದ್ದ ಹೈತಿಯವರು ತಮ್ಮ ಮನೆಗಳಲ್ಲಿ ಕೂತೇ ಅವುಗಳನ್ನು ಇಂಗ್ಲಿಷಿಗೆ ತಿರುಗಿಸಿ ಕಳುಹಿಸಿಕೊಟ್ಟರು. 2014ರಿಂದ 2016ರ ವರೆಗೆ ಪಶ್ಚಿಮ ಆಫ್ರಿಕದಲ್ಲಿ ಎಬೋಲಾ ರೋಗದಿಂದ 11,000ಕ್ಕೂ ಹೆಚ್ಚು ಜನರು ಸತ್ತರು. ಅಲ್ಲಿಯೂ ಇಂಗ್ಲಿಷ್ ಫ್ರೆಂಚ್‌ಗಳಲ್ಲಿ ಅಚ್ಚಾದ ಎಚ್ಚರಿಕೆಯ ಮಾತುಗಳು ಅನೇಕ ಹಳ್ಳಿಯವರಿಗೆ ತಿಳಿಯದೆ ಹೋದವು. ಆದದರಿಂದ ಎಷ್ಟು ಭಾಷೆಗಳನ್ನು ಬಲ್ಲೆನೆಂದು ಎಣಿಸುವದಕ್ಕಿಂತ, ಯಾರ ಭಾಷೆಯನ್ನು ಕಲಿಯಲು ಸಿದ್ಧನಾಗಿದ್ದೇನೆಂದು ವಿಚಾರಿಸುವದು ಲೇಸು. ಕಚೇರಿಯ ಕೆಲಸಕ್ಕೆ ಫ್ರೆಂಚೂ ಅರಬ್ಬಿಯೂ ಉಪಯುಕ್ತವೇ. ಆದರೆ ಗುಡಾರದಲ್ಲಿ ಮಲಗಿರುವ ಮುದುಕಿಯ ಮಾತು ಬೇರೆ ಇದ್ದೀತು.

ಮೂರನೆಯದು: ಭಾಷೆಯ ಜೊತೆಗೆ ಒಂದು ಕೆಲಸವನ್ನು ಬಲ್ಲವನಾಗಬೇಕು.

ನಾಲಿಗೆಯೊಂದೇ ಗಾಯವನ್ನು ಕಟ್ಟಲಾರದು. ಕುಡಿಯುವ ನೀರಿನ ಏರ್ಪಾಡು, ರೋಗಿಗಳ ಆರೈಕೆ, ಉಗ್ರಾಣದ ಲೆಕ್ಕ, ವಾಹನಗಳ ಮೇಲ್ವಿಚಾರಣೆ, ಇವುಗಳಲ್ಲಿ ಪಳಗಿದವರನ್ನೇ ಸಂಘಗಳು ಹುಡುಕುತ್ತವೆ. ಪದವಿಯ ಮೇಲೆ ಕೆಲವು ವರುಷಗಳ ಅನುಭವವನ್ನೂ ಸಾಮಾನ್ಯವಾಗಿ ಕೇಳುತ್ತವೆ. ಆ ಅನುಭವವು ಸ್ವದೇಶದಲ್ಲಿಯೇ ಸಿಕ್ಕುವದು. ನಿಜವಾಗಿ ನೋಡಿದರೆ ಈ ಕೆಲಸಗಾರರಲ್ಲಿ ಬಹು ಮಂದಿ ಆಯಾ ದೇಶದವರೇ ಹೊರತು ಹೊರಗಿನವರಲ್ಲ. ವಿಶ್ವಸಂಸ್ಥೆಯು 1970ರಲ್ಲಿ ಏರ್ಪಡಿಸಿದ ಸ್ವಯಂಸೇವಕರ ವಿಭಾಗವೂ ಒಂದು ಬಾಗಿಲು. ಮನೆಯಿಂದಲೇ ಭಾಷಾಂತರ ಮಾಡಿಕೊಡುವ ಸೇವೆಗಳೂ ಉಂಟು. ಇದಕ್ಕೆ ಅಡವಿಡಬೇಕಾದದ್ದು ಯಾವದೂ ಇಲ್ಲ.

ನಾಲ್ಕನೆಯದು: ಮುಂದಾಗಿ ಲೆಕ್ಕ ನೋಡಬೇಕು.

ವಿಶ್ವಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಇಂಥ ಸೇವಕರಲ್ಲಿ 383 ಮಂದಿ ಕೊಲ್ಲಲ್ಪಟ್ಟರು. ಅವರಲ್ಲಿ ಬಹುಪಾಲು ಸ್ವಂತ ಜನರ ಸೇವೆಯಲ್ಲಿದ್ದವರು. 2025ರಲ್ಲಿ ಅಮೆರಿಕದ ಸರ್ಕಾರವು ತನ್ನ ಧನಸಹಾಯವನ್ನು ಬಹಳವಾಗಿ ಕಡಿಮೆಮಾಡಿದ್ದರಿಂದ ಸಾವಿರಾರು ಮಂದಿ ಉದ್ಯೋಗ ಕಳೆದುಕೊಂಡರು. ಹೀಗಿರುವಾಗ ದೊಡ್ಡ ಸಾಲದ ಮೇಲೆ ಈ ಉದ್ಯೋಗವನ್ನು ಕಟ್ಟುವದು ಮರಳಿನ ಮೇಲೆ ಮನೆ ಕಟ್ಟಿದಂತೆಯೇ. ಇನ್ನೊಂದು ಎಚ್ಚರಿಕೆ: ವಿಶ್ವಸಂಸ್ಥೆಯು ಕೆಲಸ ಕೊಡುವದಕ್ಕೆ ಯಾರಿಂದಲೂ ಶುಲ್ಕ ತೆಗೆದುಕೊಳ್ಳುವದಿಲ್ಲ. ಅದರ ಹೆಸರಿನಲ್ಲಿ ಹಣ ಕೇಳುವವನು ಮೋಸಗಾರನು.

ಇಷ್ಟನ್ನು ಕೇಳಿ ಯೌವನಸ್ಥನು ಬಹಳ ಹೊತ್ತು ಸುಮ್ಮನಿದ್ದನು. ಕಡೆಗೆ, “ಎರಡು ವರುಷ ಇಲ್ಲಿಯೇ ಆಸ್ಪತ್ರೆಯ ಕೆಲಸ ಕಲಿಯುತ್ತೇನೆ, ಸಾಯಂಕಾಲ ಭಾಷಾಂತರ ಮಾಡುತ್ತೇನೆ. ಆಮೇಲೂ ಮನಸ್ಸು ಇದೇ ಆಗಿದ್ದರೆ ಸಾಲವಿಲ್ಲದೆ ಹೋಗುತ್ತೇನೆ” ಅಂದನು. ತಾಯಿಯು, “ಹಾಗಾದರೆ ನಾನೇ ಬುತ್ತಿ ಕಟ್ಟಿ ಕಳುಹಿಸುವೆನು” ಅಂದಳು. ತಂದೆತಾಯಿಗಳೇ, ಒಳ್ಳೆಯ ಮನಸ್ಸನ್ನು ತಡೆಯಬೇಡಿರಿ. ಯೌವನಸ್ಥರೇ, ಒಳ್ಳೆಯ ಮನಸ್ಸಿಗೆ ಮನೆಯವರ ಅನ್ನವನ್ನು ಬೆಲೆಯಾಗಿ ಕೊಡಬೇಡಿರಿ.

ಕೂಟದಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು

1. ವೈದ್ಯನಲ್ಲದ ಡ್ಯುನಾಂಟನು ಏನೇನು ಮಾಡಿದನು?
2. ಹೈತಿಯಲ್ಲಿ ಫ್ರೆಂಚ್ ಭಾಷೆಯೊಂದೇ ಯಾಕೆ ಸಾಲಲಿಲ್ಲ?
3. ನಮ್ಮ ತಾಲೂಕಿನ ಆಸ್ಪತ್ರೆಯಲ್ಲಿ ಭಾಷೆ ತಿಳಿಯದೆ ಕಷ್ಟಪಡುವವರು ಯಾರು? ಅವರ ಮಾತು ನಮ್ಮಲ್ಲಿ ಯಾರಿಗೆ ಬರುತ್ತದೆ?